ಆಸ್ಪತ್ರೆಯ ದಾರಿಯಲ್ಲಿ ಮೂರು ಊರುಗಳು

ಕಳೆದ ಶ್ರಾವಣದಲ್ಲಿ ಕಾಲಕಾಲೇಶ್ವರನ ದರ್ಶನಕ್ಕೆಂದು ಗಜೇಂದ್ರಗಡಕ್ಕೆ ಹೋದ ನನಗೆ, ಬೆಟ್ಟದ ಮೆಟ್ಟಿಲುಗಳಿಗಿಂತ ಮೊದಲು ಆಸ್ಪತ್ರೆಯ ಮೆಟ್ಟಿಲುಗಳನ್ನು ಹತ್ತುವ ಪ್ರಸಂಗ ಒದಗಿತು. ಅಲ್ಲಿಯೇ ನೆಲೆಸಿರುವ ನನ್ನ ಅಕ್ಕನ ಕಾಲುಗಳು ಬಾತುಕೊಂಡಿದ್ದವು, ಮೂತ್ರ ಕಡಿಮೆಯಾಗಿತ್ತು. ಊರಿನ ವೈದ್ಯರು ರೋಣದ ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿಯ ತಜ್ಞರು ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡಕ್ಕೆ ಘಾಸಿಯಾಗಿದೆ, ತಡಮಾಡದೆ ಬೋಧನಾ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು.

ನಗರದ ಆ ದೊಡ್ಡ ಆಸ್ಪತ್ರೆಯಲ್ಲಿ ಒಂದೇ ದಿನ ಮೂವರು ವೈದ್ಯರು ಬಂದು ಅವೇ ಪ್ರಶ್ನೆಗಳನ್ನು ಕೇಳಿದರು. ಮೊದಲು ಬಂದವನು ಮೀಸೆ ಚಿಗುರುತ್ತಿದ್ದ ತರುಣ. “ಅಜ್ಜೀ, ನೋವಿನ ಗುಳಿಗೆ ಏನರ ತಗೋತೀರೇನು?” ಎಂದ. “ಇಲ್ಲಪ್ಪ” ಎಂದಳು ಅಕ್ಕ. ಅವನು ಅತ್ತ ಹೋದೊಡನೆ ನನ್ನತ್ತ ಬಾಗಿ, “ಈ ಹುಡುಗಗ ಏನ್ ತಿಳೀತೈತಿ? ದೊಡ್ಡ ಡಾಕ್ಟರ್ ಬರಲಿ, ಹೇಳ್ತೀನಿ” ಎಂದಳು. ನಾನೂ ಸುಮ್ಮನಿದ್ದೆ, ಆ ತಪ್ಪಿನಲ್ಲಿ ನನ್ನ ಪಾಲೂ ಉಂಟು. ದೊಡ್ಡ ವೈದ್ಯರು ಬಂದದ್ದು ಮರುದಿನ ಬೆಳಿಗ್ಗೆ. ಮೊಣಕಾಲು ನೋವಿಗೆಂದು ಎರಡು ತಿಂಗಳಿಂದ ಅಂಗಡಿಯ ಗುಳಿಗೆ ನುಂಗುತ್ತಿದ್ದುದನ್ನು ಆಗ ಬಿಚ್ಚಿಟ್ಟಳು. ಹಿಂದಿನ ರಾತ್ರಿಯೂ ಸೆರಗಿನ ಗಂಟಿನಿಂದ ಒಂದನ್ನು ತೆಗೆದು ನುಂಗಿದ್ದಳು! ಇಂಥ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ಕುಗ್ಗಿಸಬಲ್ಲವು; ವಯಸ್ಸಾದವರಿಗೆ ಅಪಾಯ ಹೆಚ್ಚು.

ಹನ್ನೊಂದು ದಿನಗಳ ಬಳಿಕ ಹಿಂದಿರುಗುವಾಗ ನರಗುಂದದ ಬೀಗರ ಮನೆಯಲ್ಲಿ ತಂಗಿದೆವು. 1858ರಲ್ಲಿ ಆಂಗ್ಲರಿಗೆ ಎದುರುನಿಂತ ಬಾಬಾಸಾಹೇಬನ ಗುಡ್ಡ ಅವರ ಅಂಗಳಕ್ಕೇ ಕಾಣುತ್ತದೆ. ಆ ಮನೆಯ ಮೊಮ್ಮಗಳು ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಹೌಸ್ ಸರ್ಜನ್. ಅದು 2015ರಲ್ಲಿ ಆರಂಭವಾದದ್ದು; ನಮ್ಮ ಕಾಲದಲ್ಲಿ ಈ ಭಾಗದ ಮಕ್ಕಳು 1957ರಲ್ಲಿ ಹುಟ್ಟಿದ ಹುಬ್ಬಳ್ಳಿಯ ಕಾಲೇಜಿಗೋ, 1963ರ ಬೆಳಗಾವಿಯ ಕಾಲೇಜಿಗೋ ಹೋಗಬೇಕಿತ್ತು.

ಅಕ್ಕನ ಕಥೆ ಕೇಳಿ ಹುಡುಗಿ ನಕ್ಕಳು. “ಅಜ್ಜಾರೆ, ಆ ಹುಡುಗನೂ ನನ್ನಂಥವನೇ” ಎಂದು ವಿವರಿಸಿದಳು. ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ. ಅನಂತರ ಒಂದು ವರ್ಷ ಹೌಸ್ ಸರ್ಜನ್ ಆಗಿ ಎಲ್ಲ ವಿಭಾಗಗಳಲ್ಲಿ ದುಡಿಮೆ. ಆಮೇಲೆ ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ, ವಾರ್ಡಿನಲ್ಲಿ ಹಗಲಿರುಳು ಇರುವ ಪಿ.ಜಿ. ವೈದ್ಯರೆಂದರೆ ಇವರೇ. ಅವರ ಮೇಲೆ ಸೀನಿಯರ್ ರೆಸಿಡೆಂಟ್, ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ. ಎಲ್ಲರ ಮೇಲೆ ಘಟಕದ ಮುಖ್ಯಸ್ಥರು. ಮೂತ್ರಪಿಂಡ, ಹೃದಯಗಳಂಥ ಒಂದೇ ಅಂಗದ ತಜ್ಞರಾಗಲು ಎಂ.ಡಿ. ಮುಗಿದ ಮೇಲೆ ಇನ್ನೂ ಮೂರು ವರ್ಷ ಓದಬೇಕು. ಚಿಕಿತ್ಸೆಯ ಹೊಣೆ ಹಿರಿಯರದು; ಆದರೆ ರೋಗಿಯ ಕಥೆಯನ್ನು ಮೊದಲು ಬರೆದುಕೊಳ್ಳುವವರು ಕಿರಿಯರೇ. ಆ ಬರಹವನ್ನು ಓದಿಯೇ ಮುಖ್ಯಸ್ಥರು ಹಾಸಿಗೆಯ ಬಳಿ ಬರುತ್ತಾರೆ.

ವೈದ್ಯ ಸಂಗಣ್ಣನ ವಚನಗಳನ್ನು ಪಾಠ ಹೇಳಿದ ನನಗೆ ಇಷ್ಟೂ ತಿಳಿದಿರಲಿಲ್ಲ. ಮಠದ ಪಾಠಶಾಲೆಯಲ್ಲಿ ನಮಗೂ ಶಬ್ದರೂಪಗಳನ್ನು ಮೊದಲು ಹೇಳಿಕೊಟ್ಟವರು ಹಿರಿಯ ವಿದ್ಯಾರ್ಥಿಗಳು. ಪಂಡಿತರು ಸಂಜೆ ಬಂದು ಒಪ್ಪಿಸಿಕೊಳ್ಳುತ್ತಿದ್ದರು.

ಮರುದಿನ ರೋಣದಲ್ಲಿ ಮರುಪರೀಕ್ಷೆಗೆ ಇಳಿದೆವು. ವಿಚಾರಿಸಿಕೊಳ್ಳಲು ಬಂದವಳು ಎಳೆಯ ವೈದ್ಯೆ. ಅಕ್ಕ ಸೆರಗಿನ ಗಂಟು ಬಿಚ್ಚಿ, ಉಳಿದ ಗುಳಿಗೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, “ಏನ್ ಕೇಳ್ತಿ ಕೇಳವ್ವ, ಎಲ್ಲಾ ಹೇಳ್ತೀನಿ” ಎಂದಳು.