ಸಾಕೋ, ಸಾಲದೋ

ನಮ್ಮ ಸೊಸಿ ಜಿಮ್ಯಾಟ್ ಪರೀಕ್ಷಾಕ್ಕ ಓದಲಿಕ್ಕೆ ಹತ್ಯಾಳ. ಅದರಾಗಿನ ಡೇಟಾ ಸಫಿಷಿಯನ್ಸಿ ಲೆಕ್ಕ ನಂಗ ಭಾಳ ಸೇರತಾವ. ಒಂದು ಪ್ರಶ್ನಿ, ಕೆಳಗ ಎರಡು ಹೇಳಿಕಿ. ಉತ್ತರಾ ತಗಿಯೋದ ಬ್ಯಾಡ; ತಗಿಲಿಕ್ಕೆ ಅಷ್ಟು ಮಾಹಿತಿ ಸಾಕೋ ಸಾಲದೋ, ಅದನ್ನಷ್ಟ ಹೇಳಬೇಕು.

ಸಂತೀ ಲೆಕ್ಕಾನ ತಗೋರಿ. ಉಳ್ಳಾಗಡ್ಡಿ ಕಿಲೋಕ್ಕ ಎಷ್ಟು? ಒಂದನೇ ಹೇಳಿಕಿ: 2 ಕಿಲೋ ಉಳ್ಳಾಗಡ್ಡಿ, 3 ಕಿಲೋ ಬಟಾಟಿ ಸೇರಿ 170 ರೂಪಾಯಿ. ಎರಡನೇದು: ಬಟಾಟಿಗಿಂತ ಉಳ್ಳಾಗಡ್ಡಿ ಕಿಲೋಕ್ಕ 10 ರೂಪಾಯಿ ಹೆಚ್ಚು. ಒಂದೊಂದ ನೋಡಿದ್ರ ಸಾಲೂದಿಲ್ಲ, ಕೂಡಿಸಿದ್ರ ಸಾಕು. 40 ರೂಪಾಯಿ ಅಂತ ಬಿಡಿಸೋದೂ ಬ್ಯಾಡ.

ಇನ್ನ ಎರಡನೇ ಹೇಳಿಕಿ ‘4 ಕಿಲೋ ಉಳ್ಳಾಗಡ್ಡಿ, 6 ಕಿಲೋ ಬಟಾಟಿ ಸೇರಿ 340 ರೂಪಾಯಿ’ ಅಂತಿದ್ರ? ನೋಡಲಿಕ್ಕೆ ಹೊಸಾ ಮಾತು. ಖರೇ ಅಂದ್ರ ಮೊದಲಿಂದ ಎರಡು ಪಟ್ಟು. ಕೂಡಿಸಿದ್ರೂ ಸಾಲೂದಿಲ್ಲ.

ನಮ್ಮ ಓಣ್ಯಾಗೂ ಹಿಂಗ ಆತು. “ಸೊಸಿ ಪರದೇಶಕ್ಕ ಹೋಗ್ತಾಳ, ನಿಮ್ಮನ್ನ ನೋಡೋರು ಯಾರು?” ಅಂತ ಒಬ್ಬಾಕಿ ಅಂದ್ಲು. ಮರುದಿನ ಇನ್ನೊಬ್ಬಾಕಿನೂ ಅದನ್ನ ಅಂದ್ಲು. ನನ್ನ ಎದಿ ಧಸಕ್ ಅಂತು. ಆಮ್ಯಾಲೆ ತಿಳೀತು, ಇಬ್ಬರೂ ಒಂದ ಕಟ್ಟಿ ಮ್ಯಾಲೆ ಕೂತು ಕೇಳಿದ್ದು. ಬಾಯಿ ಎರಡು, ಮಾತು ಒಂದ.

ಸೊಸೀನ್ನ ಕೇಳಿದೆ. “ಪರೀಕ್ಷಾ ಮುಗೀಲ್ರಿ, ಬೆಂಗಳೂರಾಗೂ ಕಾಲೇಜ ಅದಾವ. ಇಬ್ರೂ ಕೂತು ನೋಡೂಣು” ಅಂದ್ಲು.

ಪರೀಕ್ಷಾದಾಗ ಐದು ಉತ್ತರಾ ಕೊಟ್ಟಿರತಾರ. ಕಡೇದು, ‘ಎರಡೂ ಕೂಡಿಸಿದ್ರೂ ಸಾಲದು’. ಅದೂ ಉತ್ತರಾನ. ಕೇಳಿದವರಿಗೆ ಸದ್ಯಕ್ಕ ನಾ ಅದನ್ನ ಹೇಳ್ತೀನಿ.