ಅಮೆರಿಕೆಯವರ ದೇಶಭಕ್ತಿಯ ಪುಸ್ತಕಗಳು

ಪರರ ದೇಶಭಕ್ತಿಯನ್ನು ಕುರಿತು ಓದುವುದೆಂದರೆ ಪರರ ಮನೆಯ ದೇವರ ಕೋಣೆಯನ್ನು ಹೊಸ್ತಿಲಿನ ಈಚೆ ನಿಂತು ನೋಡಿದಂತೆ. ದೀಪವು ಕಾಣುತ್ತದೆ, ಧೂಪದ ಪರಿಮಳವೂ ಬರುತ್ತದೆ; ನಾವು ಕೈಮುಗಿಯಬೇಕೋ ಬೇಡವೋ ಎಂಬುದು ಮಾತ್ರ ತಿಳಿಯುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದವರು ತಮ್ಮ ದೇಶವನ್ನೂ ರಾಜ್ಯನೀತಿಯನ್ನೂ ಯುದ್ಧಗಳನ್ನೂ ಕುರಿತು ಬರೆದುಕೊಂಡಿರುವ ಪುಸ್ತಕಗಳು ಲೆಕ್ಕಕ್ಕೆ ಸಿಕ್ಕತಕ್ಕವಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಅಂಥವು ಆಗಾಗ್ಗೆ ದೊರೆಯುತ್ತವೆ. ಹಲವು ವರ್ಷಗಳಿಂದ ನಾನು ಅವನ್ನು ಒಂದೊಂದಾಗಿ ತಂದು ಬೀರುವಿನಲ್ಲಿ ಸೇರಿಸುತ್ತ ಬಂದಿದ್ದೇನೆ. ನಿಜವನ್ನು ಹೇಳಬೇಕಾದರೆ, ಅವುಗಳಲ್ಲಿ ಮುಕ್ಕಾಲು ಭಾಗವು ಬರಿಯ ಡಂಗುರ. ತಮ್ಮ ಸೇನಾಪತಿಗಳೆಲ್ಲ ಭೀಷ್ಮರು, ತಮ್ಮ ಅಧ್ಯಕ್ಷರೆಲ್ಲ ಧರ್ಮರಾಯರು ಎಂದು ಸಾರುವ ಪುಸ್ತಕಗಳು ಯಾವ ದೇಶದಲ್ಲಿ ತಾನೆ ಇಲ್ಲ? ಆದರೆ ಉಳಿದ ಕಾಲು ಭಾಗದಲ್ಲಿ ಮನೆಮಂದಿಯೆಲ್ಲ ಓದತಕ್ಕಂಥವು ಕೆಲವು ಇವೆ. ಅವನ್ನು ಕುರಿತೇ ಈ ನಾಲ್ಕು ಮಾತು.

ಇವುಗಳನ್ನು ಮತ್ತೆ ಕೆಳಗಿಳಿಸಿ ಧೂಳು ಕೊಡಹಿ ಓದುವುದಕ್ಕೆ ಕಾರಣವೂ ಒಂದುಂಟು. ನನ್ನ ಮಗಳೂ ಅಳಿಯನೂ ಟೆಕ್ಸಾಸ್ ಪ್ರಾಂತದಲ್ಲಿ ಸಂಸಾರ ಹೂಡಿ ಇಪ್ಪತ್ತು ವರ್ಷಗಳ ಮೇಲಾಯಿತು. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗನು, ಹದಿನೆಂಟು ತುಂಬಿದೊಡನೆಯೇ ಆ ದೇಶದ ಸೈನ್ಯವನ್ನು ಸೇರುವೆನೆಂದು ಹಟ ಹಿಡಿದಿದ್ದಾನೆ. ತಾಯಿಯಾದವಳ ಸಂಕಟವನ್ನು ಹೇಳತಕ್ಕದ್ದೇನು? ದೂರವಾಣಿಯಲ್ಲಿ ಅತ್ತಳು, ‘ಅಪ್ಪಾ, ನೀವು ಒಂದು ಮಾತು ಬರೆದರೆ ಕೇಳಿಯಾನು’ ಎಂದಳು. ನಾನು ಲೇಖನಿಯನ್ನು ಹಿಡಿದು ಕುಳಿತೆನು. ‘ಅದು ನಿನ್ನ ದೇಶವಲ್ಲ, ನಿನಗೇಕೆ ಆ ಗೊಡವೆ?’ ಎಂದು ಬರೆಯೋಣವೆಂದರೆ ಅದು ಸುಳ್ಳಾಗುತ್ತದೆ. ಅವನು ಮಣ್ಣಾಡಿದ ನೆಲ ಅದೇ. ನಮ್ಮ ಬೀದಿಯ ಹುಡುಗನೊಬ್ಬನು ಸೈನ್ಯಕ್ಕೆ ಸೇರಿ ಊರಿಗೆ ಬಂದಾಗ ಹಾರ ಹಾಕಿ ಸನ್ಮಾನಿಸಿದವರಲ್ಲಿ ನಾನೂ ಒಬ್ಬನು. ಪರರ ಮಗನಿಗೆ ಹಾರ, ನಮ್ಮವನಿಗೆ ಬುದ್ಧಿವಾದ ಎಂದರೆ ಯಾರು ಒಪ್ಪುವರು? ಹೀಗಾಗಿ ಕಾಗದವು ಮುಂದುವರಿಯದೆ, ಕೈಯು ಬೀರುವಿನ ಕಡೆಗೆ ಹೋಯಿತು. ನನ್ನ ಮಾತಿಗಿಂತ ಅವನ ದೇಶದವರ ಮಾತೇ ಮೇಲೆಂದು ತೋರಿತು. ಯಾವುದನ್ನು ಕಳುಹಿಸುವುದೆಂಬುದೇ ಪ್ರಶ್ನೆಯಾಯಿತು.

ಮೊದಲು ಕೈಗೆ ಸಿಕ್ಕಿದ್ದು ಥಾಮಸ್ ಪೇನನ ‘ಕಾಮನ್ ಸೆನ್ಸ್’. 1776ನೆಯ ಜನವರಿಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಗ್ರಂಥಕರ್ತನ ಹೆಸರಿಲ್ಲದೆ ಅಚ್ಚಾದ ಈ ಕಿರುಹೊತ್ತಗೆಯು ಅಮೆರಿಕನ್ನರ ಮನಸ್ಸನ್ನು ಇಂಗ್ಲೆಂಡಿನ ಅರಸನ ಕಡೆಯಿಂದ ತಿರುಗಿಸಿತೆಂಬುದು ಪ್ರಸಿದ್ಧವಾಗಿದೆ. ವಿಚಿತ್ರವೇನೆಂದರೆ, ಬರೆದವನು ಇಂಗ್ಲೆಂಡಿನವನೇ. ಹೆಂಗಸರ ಬಿಗಿಗುಪ್ಪಸವನ್ನು ಹೊಲಿಯುತ್ತಿದ್ದು, ಸುಂಕದ ಚಾಕರಿಯನ್ನೂ ಮಾಡಿ ಕಳೆದುಕೊಂಡು, ಅಮೆರಿಕೆಗೆ ಬಂದು ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಪುಸ್ತಕದಿಂದ ತನಗೆ ಬರತಕ್ಕ ಲಾಭವನ್ನು ಚಳಿಯಲ್ಲಿ ನಡುಗುತ್ತಿದ್ದ ಸಿಪಾಯಿಗಳಿಗೆ ಕೈಚೀಲ ಕೊಡಿಸಲೆಂದು ಬಿಟ್ಟುಕೊಟ್ಟನು. ಇಂಥವನಿಗೆ ಆ ದೇಶವು ಕಡೆಗೆ ಮಾಡಿದ್ದೇನು? ಮತವಿಚಾರದಲ್ಲಿ ನಿರ್ಭಿಡೆಯಾಗಿ ಬರೆದನೆಂದು ಅವನನ್ನು ನಾಸ್ತಿಕನೆಂದು ದೂರವಿಟ್ಟರು. 1809ರಲ್ಲಿ ಅವನು ತೀರಿಕೊಂಡಾಗ ಹೆಣದ ಹಿಂದೆ ಬಂದವರು ಬೆರಳೆಣಿಕೆಯ ಮಂದಿ. ಹತ್ತು ವರ್ಷಗಳ ತರುವಾಯ ವಿಲಿಯಂ ಕಾಬೆಟ್ ಎಂಬ ಆಂಗ್ಲ ಪತ್ರಿಕಾಕರ್ತನು ಅವನ ಎಲುಬುಗಳನ್ನು ಅಗೆದು, ಗೌರವದಿಂದ ಸಮಾಧಿ ಮಾಡುವೆನೆಂದು ಇಂಗ್ಲೆಂಡಿಗೆ ಒಯ್ದನು. ಅವು ಅಲ್ಲಿ ಕಳೆದೇಹೋದುವು. ಹದಿನೆಂಟು ವರ್ಷದ ಹುಡುಗನಿಗೆ ಇದನ್ನು ಮೊದಲೇ ಕೊಡುವುದು ಉಚಿತವೆಂದು ನನಗೆ ತೋರಲಿಲ್ಲ.

ಎರಡನೆಯದು ಎಡ್ವರ್ಡ್ ಎವರೆಟ್ ಹೇಲ್ ಎಂಬ ಪಾದ್ರಿಯ ಕಥೆ, ‘ದೇಶವಿಲ್ಲದ ಮನುಷ್ಯ’ ಎಂಬರ್ಥದ ಹೆಸರಿನದು. 1863ನೆಯ ಡಿಸೆಂಬರಿನಲ್ಲಿ, ಉತ್ತರ ದಕ್ಷಿಣ ಪ್ರಾಂತಗಳು ಒಂದನ್ನೊಂದು ಕೊಲ್ಲುತ್ತಿದ್ದ ಅಂತರ್ಯುದ್ಧದ ನಡುವೆ, ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಮಾಸಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಫಿಲಿಪ್ ನೋಲನ್ ಎಂಬ ತರುಣ ಸೇನಾಧಿಕಾರಿಯು ರಾಜದ್ರೋಹದ ವಿಚಾರಣೆಯಲ್ಲಿ ಸಿಟ್ಟಿಗೆದ್ದು, ತನ್ನ ದೇಶದ ಹೆಸರು ಇನ್ನೆಂದೂ ಕಿವಿಗೆ ಬೀಳದಿರಲೆಂದು ಶಪಿಸುತ್ತಾನೆ. ನ್ಯಾಯಾಧಿಪತಿಗಳು ಆ ಶಾಪವನ್ನೇ ಶಿಕ್ಷೆಯಾಗಿ ವಿಧಿಸುತ್ತಾರೆ. ಅಂದಿನಿಂದ ಸಾಯುವವರೆಗೆ ಅವನಿಗೆ ಹಡಗಿನಿಂದ ಹಡಗಿಗೆ ಸಮುದ್ರವಾಸ. ಅವನೆದುರಿಗೆ ಯಾರೂ ಸ್ವದೇಶದ ಮಾತೆತ್ತಬಾರದು. ಅವನ ಕೈಗೆ ಬರುವ ವೃತ್ತಪತ್ರಿಕೆಗಳಲ್ಲಿ ಆ ದೇಶದ ಪ್ರಸ್ತಾಪವಿರುವ ಭಾಗಗಳನ್ನು ಕತ್ತರಿಸಿ ತೆಗೆಯಬೇಕು. ತೂತು ಬಿದ್ದ ಪತ್ರಿಕೆಯನ್ನು ಹಿಡಿದು ಕುಳಿತ ಆ ಮನುಷ್ಯನ ಚಿತ್ರವು ಓದಿದವರ ಮನಸ್ಸನ್ನು ಬಿಟ್ಟು ಹೋಗುವುದಿಲ್ಲ. ಓದಿದವರಲ್ಲಿ ಅನೇಕರು ಇದು ನಡೆದ ಸಂಗತಿಯೆಂದೇ ನಂಬಿದರು. ಎಲ್ಲವೂ ಕಲ್ಪನೆ! ಆದರೆ ಫಿಲಿಪ್ ನೋಲನ್ ಎಂಬ ಹೆಸರಿನ ಬೇರೊಬ್ಬ ಸಾಹಸಿಯು ನಿಜವಾಗಿಯೂ ಇದ್ದು, 1801ರಲ್ಲಿ ಟೆಕ್ಸಾಸಿನಲ್ಲಿಯೇ ಹತನಾಗಿದ್ದನು. ಸತ್ತವನ ಹೆಸರಿಗೆ ಕಳಂಕ ತಗಲಿತಲ್ಲಾ ಎಂದು ಹೇಲನು ಮುಂದೆ ಅವನನ್ನು ಕುರಿತು ಒಂದು ಕಾದಂಬರಿಯನ್ನೇ ಬರೆದನು.

ಈ ಕಥೆಯ ಹಿಂದೆ ರಾಜಕೀಯವೂ ಉಂಟು. ಒಹಾಯೋ ಪ್ರಾಂತದ ವ್ಯಾಲಂಡಿಗಂ ಎಂಬ ಮುಖಂಡನು ಯುದ್ಧವನ್ನು ಬಲವಾಗಿ ವಿರೋಧಿಸಿದ್ದಕ್ಕಾಗಿ ಅವನನ್ನು ಹಿಡಿದು, ಶತ್ರುಪಕ್ಷದ ಸೀಮೆಗೆ ಗಡೀಪಾರು ಮಾಡಿದ್ದರು. ಅವನು ಅಲ್ಲಿಂದ ಕೆನಡಾ ಸೇರಿ, ಅಲ್ಲಿದ್ದುಕೊಂಡೇ ಒಹಾಯೋದ ಗವರ್ನರ್ ಪದವಿಗೆ ಸ್ಪರ್ಧಿಸಿ ಸೋತನು. ಅವನ ವಿರುದ್ಧವಾಗಿ ಜನಾಭಿಪ್ರಾಯವನ್ನು ತಿದ್ದಬೇಕೆಂಬುದು ಹೇಲನ ಉದ್ದೇಶ. ಚುನಾವಣೆಯು ಮುಗಿದ ಮೇಲೆ ಕಥೆ ಹೊರಬಿತ್ತು. ಈಗ ವ್ಯಾಲಂಡಿಗಂನ ಹೆಸರನ್ನು ಬಲ್ಲವರೆಷ್ಟು ಮಂದಿ? ನೋಲನನೋ ಪಾಠಪುಸ್ತಕಗಳಲ್ಲಿ ಸೇರಿಕೊಂಡು ತಲೆಮಾರುಗಳನ್ನು ಅಳಿಸಿದನು. ಕಥೆಯ ಕುಶಲತೆಯನ್ನು ಮೆಚ್ಚಿದರೂ ನನಗೆ ಇದರಲ್ಲಿ ಒಂದು ಸಂದೇಹವುಂಟು. ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ಜೀವಾವಧಿಯ ಶಿಕ್ಷೆ ಕೊಟ್ಟ ರಾಜ್ಯವನ್ನು ಶಿಕ್ಷೆಗೊಳಗಾದವನೇ ಹರಸುತ್ತ ಸಾಯುತ್ತಾನೆ. ಆ ಶಿಕ್ಷೆಯು ನ್ಯಾಯವೇ ಎಂದು ಕಥೆಯಲ್ಲಿ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಕಣ್ಣೀರು ಬಂದಾಗ ಪ್ರಶ್ನೆ ಹಿಂದೆ ಬೀಳುತ್ತದೆ. ಆದುದರಿಂದ ಇದನ್ನೂ ಬದಿಗಿರಿಸಿದೆನು.

ಕಟ್ಟಕಡೆಗೆ ನಾನು ಆರಿಸಿದ್ದು ಯೂಲಿಸೀಸ್ ಗ್ರಾಂಟನ ಆತ್ಮವೃತ್ತಾಂತ, ಎರಡು ಸಂಪುಟ. ವಾಚಕರಲ್ಲಿ ಕೆಲವರಿಗೆ ಗ್ರಾಂಟನ ಪರಿಚಯವಿರಬಹುದು. ಅಂತರ್ಯುದ್ಧದಲ್ಲಿ ಉತ್ತರದ ಸೇನೆಯನ್ನು ಗೆಲುವಿಗೆ ತಂದು, ಅನಂತರ 1869ರಿಂದ 1877ರವರೆಗೆ ಅಧ್ಯಕ್ಷಪದವಿಯಲ್ಲಿದ್ದವನು. ಯುದ್ಧವು ಆರಂಭವಾಗುವುದಕ್ಕೆ ಮುಂಚೆ ಸೈನ್ಯವನ್ನು ಬಿಟ್ಟು, ಕೈಗೊಂಡ ಕೆಲಸಗಳಲ್ಲೆಲ್ಲ ಸೋತು, ತಂದೆಯ ಚರ್ಮದಂಗಡಿಯಲ್ಲಿ ಗುಮಾಸ್ತೆಯಾಗಿದ್ದನು. ಅಧ್ಯಕ್ಷಗಿರಿಯು ಮುಗಿದ ಮೇಲೆ ಪತ್ನೀಸಮೇತನಾಗಿ ಲೋಕಸಂಚಾರ ಹೊರಟು 1879ರಲ್ಲಿ ನಮ್ಮ ಮುಂಬಯಿಗೂ ಬಂದಿದ್ದುಂಟು. ಆಮೇಲೆ ಕೈಯಲ್ಲಿದ್ದ ಹಣವನ್ನೆಲ್ಲ ಒಂದು ಲೇವಾದೇವಿ ಕೋಠಿಯಲ್ಲಿ ತೊಡಗಿಸಿದನು. ಪಾಲುದಾರನ ಮೋಸದಿಂದ 1884ನೆಯ ಮೇ ತಿಂಗಳಿನಲ್ಲಿ ಆ ಕೋಠಿಯು ಮುರಿದುಬಿತ್ತು. ಸಾಲ ಕೊಟ್ಟಿದ್ದ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತನಿಗೆ ತನ್ನ ಗೌರವಖಡ್ಗಗಳನ್ನೂ ಪದಕಗಳನ್ನೂ ಒಪ್ಪಿಸಬೇಕಾಯಿತು. ಅದೇ ವರ್ಷ ಗಂಟಲಲ್ಲಿ ಅರ್ಬುದರೋಗವು ಕಾಣಿಸಿಕೊಂಡಿತು.

ಹೆಂಡತಿಗೆ ಏನನ್ನಾದರೂ ಉಳಿಸಿ ಹೋಗಬೇಕು. ಉಳಿದ ಕಾಲವು ತಿಂಗಳುಗಳ ಲೆಕ್ಕದ್ದು. ಆಗ ಅವನು ಬರೆಯಲು ಕುಳಿತನು. ಒಂದು ಪ್ರಕಟನಸಂಸ್ಥೆಯವರು ನೂರಕ್ಕೆ ಹತ್ತರಂತೆ ಕೊಡುವೆವೆಂದಿದ್ದರಂತೆ. ಹಾಸ್ಯಗಾರನೆಂದು ನಾವೆಲ್ಲ ಬಲ್ಲ ಮಾರ್ಕ್ ಟ್ವೇನನು ಇದನ್ನು ಕೇಳಿ, ಇದು ಅನ್ಯಾಯವೆಂದು ಹೇಳಿ, ತನ್ನ ಸ್ವಂತ ಪ್ರಕಟನಸಂಸ್ಥೆಯಿಂದ ನಿವ್ವಳ ಲಾಭದಲ್ಲಿ ನೂರಕ್ಕೆ ಎಪ್ಪತ್ತನ್ನು ಕೊಡುವೆನೆಂದು ಒಪ್ಪಂದ ಮಾಡಿಕೊಂಡನು. ಮೊದಲು ಗ್ರಾಂಟನು ಹೇಳಿ ಬರೆಯಿಸುತ್ತಿದ್ದನು. ಸ್ವರವು ಹೋದ ಮೇಲೆ ಸೀಸದಕಡ್ಡಿಯಿಂದ ತಾನೇ ಬರೆದನು. ನೀರು ನುಂಗುವುದೇ ಉರಿಯನ್ನು ನುಂಗಿದಂತಾಗಿದ್ದ ಕಾಲ. 1885ನೆಯ ಬೇಸಗೆಯಲ್ಲಿ ಮೌಂಟ್ ಮೆಕ್ಗ್ರೆಗರ್ ಎಂಬ ಗುಡ್ಡದ ಮೇಲಣ ಮನೆಯ ಜಗಲಿಯಲ್ಲಿ, ಹೆಣೆದ ಟೋಪಿಯಿಟ್ಟು ಶಾಲು ಹೊದ್ದು ಕುಳಿತು ಗ್ರಂಥವನ್ನು ಮುಗಿಸಿದನು. ಮುಗಿಸಿ ಕೆಲವೇ ದಿನಗಳಲ್ಲಿ, ಜುಲೈ 23ರಂದು, ಕಣ್ಣು ಮುಚ್ಚಿದನು. ಮಾರಾಟವೂ ಒಂದು ಕಥೆಯೇ: ಹಳೆಯ ಸಿಪಾಯಿಗಳು ಮನೆಮನೆಗೆ ಹೋಗಿ ಚಂದಾ ಕೂಡಿಸಿದರು, ಮೂರು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಗಳು ಹೋದುವು, ಜೂಲಿಯಾ ಗ್ರಾಂಟಳಿಗೆ ಒಟ್ಟಿನಲ್ಲಿ ನಾಲ್ಕು ಲಕ್ಷ ಡಾಲರಿಗಿಂತ ಹೆಚ್ಚು ಸಂದಿತು.

ಇಷ್ಟೆಲ್ಲ ಯಾತನೆಯಲ್ಲಿ ಬರೆದವನು ಯಾತನೆಯನ್ನು ಕುರಿತು ಬರೆಯುವುದಿಲ್ಲ. ತನ್ನನ್ನು ಹೊಗಳಿಕೊಳ್ಳುವುದೂ ಇಲ್ಲ. ಸಣ್ಣ ಸಣ್ಣ ವಾಕ್ಯಗಳು, ಲೆಕ್ಕದ ಪುಸ್ತಕದಂತೆ ನೇರ. 1865ನೆಯ ಏಪ್ರಿಲ್ 9ರಂದು ಅಪೊಮ್ಯಾಟಾಕ್ಸ್ ಎಂಬ ಹಳ್ಳಿಯಲ್ಲಿ ದಕ್ಷಿಣದ ಸೇನಾಪತಿಯಾದ ಲೀಯು ಶರಣಾದ ಪ್ರಸಂಗವನ್ನೇ ನೋಡಿರಿ. ಸೋತವನು ಹೊಸ ಉಡುಪಿನಲ್ಲಿ, ಖಡ್ಗಧಾರಿಯಾಗಿ ನಿಂತಿದ್ದಾನೆ; ಗೆದ್ದವನು ಕೆಸರು ಮೆತ್ತಿದ ಸಾಮಾನ್ಯ ಸಿಪಾಯಿಯ ಅಂಗಿಯಲ್ಲಿ ಬಂದಿದ್ದಾನೆ. ಗೆದ್ದವನಿಗೆ ಸಂತೋಷವಿಲ್ಲ, ವಿಷಾದ. ಹಿಂದಣ ಯುದ್ಧದ ಹಳೆಯ ನೆನಪುಗಳನ್ನು ಮಾತಾಡುತ್ತ ಬಂದ ಕೆಲಸವೇ ಮರೆತುಹೋಗುವಂತಾಯಿತಂತೆ. ಸೋತ ಸಿಪಾಯಿಗಳು ತಮ್ಮ ತಮ್ಮ ಕುದುರೆಗಳನ್ನು ವಸಂತದ ಉಳುಮೆಗೆಂದು ಮನೆಗೆ ಕೊಂಡೊಯ್ಯಲು ಅಪ್ಪಣೆಯಿತ್ತನು. ಹಸಿದಿದ್ದವರಿಗೆ ಇಪ್ಪತ್ತೈದು ಸಾವಿರ ಮಂದಿಯ ಆಹಾರವನ್ನು ಕಳುಹಿಸಿದನು. ತನ್ನವರು ವಿಜಯದ ತೋಪು ಹಾರಿಸಲು ತೊಡಗಿದಾಗ ನಿಲ್ಲಿಸಿಬಿಟ್ಟನು. ಗೆದ್ದು ಕುಳಿತ ಧರ್ಮರಾಯನ ಶೋಕವನ್ನು ಬಲ್ಲ ನಮಗೆ ಇದು ಹೊಸದಲ್ಲ. ಇಷ್ಟಾದರೂ ಗ್ರಾಂಟನು ಮರುಕದ ಭರದಲ್ಲಿ ಸತ್ಯವನ್ನು ತೇಲಿಸಿಬಿಡುವವನಲ್ಲ. ದಕ್ಷಿಣದವರು ಶೂರರಾಗಿ ಹೋರಾಡಿದರು, ಆದರೆ ಹೋರಾಡಿದ್ದು ಕೆಟ್ಟ ಕಾರಣಕ್ಕೆ, ಯುದ್ಧದ ಮೂಲವು ಗುಲಾಮಗಿರಿಯೇ ಎಂದು ಖಂಡಿತವಾಗಿ ಹೇಳುತ್ತಾನೆ. 1864ನೆಯ ಜೂನಿನಲ್ಲಿ ಕೋಲ್ಡ್ ಹಾರ್ಬರಿನಲ್ಲಿ ತಾನೇ ಆಜ್ಞೆಯಿತ್ತ ಕೊನೆಯ ದಾಳಿಯನ್ನು ಕುರಿತು, ಅದನ್ನು ಮಾಡಿಸಿದ್ದಕ್ಕೆ ಎಂದೆಂದಿಗೂ ವ್ಯಥೆಪಡುತ್ತಿದ್ದೇನೆಂದೂ, ಅಷ್ಟು ಜೀವನಷ್ಟಕ್ಕೆ ತಕ್ಕ ಲಾಭವೇನೂ ದೊರೆಯಲಿಲ್ಲವೆಂದೂ ಬರೆದಿಟ್ಟಿದ್ದಾನೆ. ಗೆದ್ದ ಸೇನಾಪತಿಗಳಲ್ಲಿ ಇಂಥ ಮಾತನ್ನು ಬರೆದವರು ಎಷ್ಟು ಮಂದಿ ಸಿಕ್ಕುವರು?

ಇನ್ನೊಂದು ಸಂಗತಿಯೂ ಇಲ್ಲಿ ನೆನಪಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕೆಯವರು ತಮ್ಮ ಸೈನಿಕರಿಗಾಗಿಯೇ ಜೇಬಿನಲ್ಲಿ ಹಿಡಿಯುವ ಪುಸ್ತಕಗಳನ್ನು ಅಚ್ಚುಹಾಕಿಸಿದರು. 1943ರಿಂದ 1947ರವರೆಗೆ 1322 ಪುಸ್ತಕಗಳು, ಒಟ್ಟು ಸುಮಾರು ಹನ್ನೆರಡು ಕೋಟಿ ಪ್ರತಿಗಳು! ಮಾಸಪತ್ರಿಕೆಗಳ ಮುದ್ರಣಯಂತ್ರದಲ್ಲಿ ಎರಡೆರಡನ್ನು ಒಂದರ ಮೇಲೊಂದರಂತೆ ಅಚ್ಚುಮಾಡಿ, ನಡುವೆ ಕತ್ತರಿಸಿ, ಉದ್ದಕ್ಕಿಂತ ಅಗಲ ಹೆಚ್ಚಾಗಿರುವಂತೆ ಕಟ್ಟುತ್ತಿದ್ದರು. ಜರ್ಮನಿಯಲ್ಲಿ 1933ರಲ್ಲಿ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟವರ ಮೇಲೆ ಯುದ್ಧಕ್ಕೆ ಹೋಗುವವನ ಜೇಬಿನಲ್ಲಿ ಪುಸ್ತಕವಿರಬೇಕೆಂಬುದು ಸೊಗಸಾದ ಆಲೋಚನೆ. ಅವುಗಳಲ್ಲಿ ಸಿಪಾಯಿಗಳು ಮುಗಿಬಿದ್ದು ಓದಿದ್ದರಲ್ಲಿ ಒಂದು ಬೆಟ್ಟಿ ಸ್ಮಿತ್ ಎಂಬಾಕೆಯ ಕಾದಂಬರಿ, ಬ್ರೂಕ್ಲಿನ್ನಿನ ಒಂದು ಬಡಸಂಸಾರದ ಹುಡುಗಿಯ ಕಥೆ. ಗುಂಡಿನ ಮಳೆಯ ನಡುವೆ ಅವರಿಗೆ ಬೇಕಾಗಿದ್ದುದು ರಣಘೋಷವಲ್ಲ, ಮನೆಯ ಅಡಿಗೆಕೋಣೆ. ಆದರೆ ಅದೇ ಅಮೆರಿಕೆಯಲ್ಲಿಯೇ 1944ರಲ್ಲಿ, ಚುನಾವಣೆಯ ವರ್ಷವೆಂದು, ರಾಜಕೀಯದ ಸೋಂಕಿರುವ ಪುಸ್ತಕಗಳನ್ನು ಸರಕಾರದ ಖರ್ಚಿನಲ್ಲಿ ಸೈನಿಕರಿಗೆ ಕೊಡಕೂಡದೆಂದು ಒಂದು ಕಾಯಿದೆಯ ಕಲಮು ಬಂದು, ಚಾರ್ಲ್ಸ್ ಬಿಯರ್ಡನ ‘ರಿಪಬ್ಲಿಕ್’ ಎಂಬ ಗಂಭೀರ ಗ್ರಂಥಕ್ಕೂ, ನ್ಯಾಯಾಧೀಶ ಹೋಮ್ಸನ ಜೀವನಚರಿತ್ರೆಗೂ ತಡೆಯಾಯಿತು. ಪತ್ರಿಕೆಗಳೂ ಗ್ರಂಥಪ್ರಕಾಶಕರೂ ಗದ್ದಲವೆಬ್ಬಿಸಿ ಅದೇ ಆಗಸ್ಟಿನಲ್ಲಿ ಆ ಕಲಮನ್ನು ಸಡಿಲಿಸುವಂತೆ ಮಾಡಿದರು. ನಾನು ಮೆಚ್ಚುವುದು ಈ ಗದ್ದಲವನ್ನು.

ಗ್ರಾಂಟನ ಎರಡು ಸಂಪುಟಗಳನ್ನೂ ಬಟ್ಟೆಯಲ್ಲಿ ಸುತ್ತಿ ಅಂಚೆಗೆ ಹಾಕಿದೆನು. ಮನೆಯವಳು ಸಂದಿನಲ್ಲಿ ಚಟ್ನಿಪುಡಿಯ ಪೊಟ್ಟಣವನ್ನು ತುರುಕಿದಳು. ಜೊತೆಗೆ ನಾನು ಬರೆದದ್ದು ಎರಡೇ ಸಾಲು: ‘ಇದನ್ನು ಪೂರ್ತಿಯಾಗಿ ಓದಿ ಆಮೇಲೆ ನಿನ್ನ ಮನಸ್ಸಿಗೆ ಬಂದಂತೆ ಮಾಡು. ಓದುವುದಕ್ಕೆ ಮೊದಲು ಸಹಿ ಹಾಕಬೇಡ.’ ಮಗಳಿಗೆ ಇದು ಸಾಲದೆನಿಸಿತು. ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ತಿಂಗಳೊಂದು ಕಳೆದ ಮೇಲೆ ಹುಡುಗನಿಂದ ಉತ್ತರ ಬಂದಿತು. ಸೇರುವೆನೆಂದಾಗಲಿ ಬಿಡುವೆನೆಂದಾಗಲಿ ಅದರಲ್ಲಿರಲಿಲ್ಲ, ಒಂದು ಪ್ರಶ್ನೆಯಿತ್ತು. ತನ್ನ ಟೆಕ್ಸಾಸಿನ ಕಾರಣದಿಂದಲೇ ಹುಟ್ಟಿದ 1846ರ ಮೆಕ್ಸಿಕೋ ಯುದ್ಧವನ್ನು, ಬಲಿಷ್ಠರು ದುರ್ಬಲರ ಮೇಲೆ ಮಾಡಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಒಂದೆಂದು ಗ್ರಾಂಟನು ಬರೆದಿದ್ದಾನೆ. ಹಾಗಿದ್ದ ಮೇಲೆ, ಅದರಲ್ಲಿ ತರುಣ ಅಧಿಕಾರಿಯಾಗಿದ್ದ ಅವನು ಆಗಲೇ ರಾಜೀನಾಮೆಯನ್ನು ಏಕೆ ಕೊಡಲಿಲ್ಲ, ತಾತಾ?

ಇದಕ್ಕೆ ಉತ್ತರವನ್ನು ಗ್ರಾಂಟನೇ ಹೇಳಿದ್ದುಂಟು. ಲೋಕಸಂಚಾರದಲ್ಲಿ ಜೊತೆಗಿದ್ದ ಯಂಗ್ ಎಂಬ ಪತ್ರಿಕಾಕರ್ತನೊಡನೆ ಮಾತಾಡುತ್ತ, ಬಿಟ್ಟುಹೋಗುವಷ್ಟು ಮನೋಧೈರ್ಯವು ತನಗೆ ಆಗ ಇರಲಿಲ್ಲವೆಂದು ಒಪ್ಪಿಕೊಂಡನು. ಅದನ್ನು ಹಾಗೆಯೇ ಬರೆದು, ನನ್ನ ಮಾತೊಂದನ್ನೂ ಸೇರಿಸದೆ, ಮೊನ್ನೆ ಸೋಮವಾರ ಕಳುಹಿಸಿದ್ದೇನೆ.