ಮೇಟಗಳ್ಳಿಯ ಅಂಗಳಕ್ಕೊಂದು ಹಲಸು

ಮೈಸೂರು ರೈಲು ನಿಲ್ದಾಣದ ಬಳಿಯಿಂದ ಕನ್ನಂಬಾಡಿಯ ಕಡೆಗೆ ಹೊರಡುವ ರಸ್ತೆ ಬೃಂದಾವನವನ್ನು ನೋಡಬಂದ ಪ್ರವಾಸಿಗರಿಗೆ ಚಿರಪರಿಚಿತವಾದುದು. ಆ ದಾರಿಯಲ್ಲಿ ಮೇಟಗಳ್ಳಿಯನ್ನು ಹಾದುಹೋಗುವವರು ಬಹುಮಂದಿ; ಅಲ್ಲಿ ಇಳಿದು ಸುತ್ತಾಡುವವರು ವಿರಳ. ಟೈರು ಕಾರ್ಖಾನೆ, ನೋಟು ಮುದ್ರಣಾಲಯ, ಸಾಲುಸಾಲಾದ ಮನೆಗಳು - ಇಂದಿನ ಮೇಟಗಳ್ಳಿಯ ಚಹರೆ ಇಷ್ಟು. ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ ಎಂಬ ಹೆಸರುಗಳ ತುದಿಯಲ್ಲಿ ಮಾತ್ರ ಹಳೆಯ ಹಳ್ಳಿ ಇನ್ನೂ ಉಸಿರಾಡುತ್ತಿದೆ.

ಟೈರಿಗೆ ಬೇಕಾದ ರಬ್ಬರು ಮೊದಲು ಬಂದದ್ದು ದಕ್ಷಿಣ ಅಮೆರಿಕದ ಅಮೆಜಾನ್ ಮಳೆಕಾಡಿನಿಂದ. ಅಷ್ಟು ದೂರದ ಕಾಡಿನ ಕೊಡುಗೆಯನ್ನು ಬಳಸುವ ಊರು ತನ್ನ ನೆರೆಯ ಮಳೆಕಾಡಿನ ಮರವನ್ನೂ ಚೆನ್ನಾಗಿ ಬಲ್ಲದು. ಅದೇ ಹಲಸು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣದ ಕಾಡು ಅದರ ತವರು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಘಟ್ಟದಲ್ಲಿ ಅದರ ಹಲವು ಪಟ್ಟು. ಹೀಗಿದ್ದರೂ ತವರಿನಿಂದ ಬಯಲಿಗೆ ಬಂದ ಈ ಮರ ಇಲ್ಲಿ ಬಾಡಲಿಲ್ಲ. ಮೈಸೂರಿನಲ್ಲಷ್ಟೇ ಅಲ್ಲ, ದೊಡ್ಡಬಳ್ಳಾಪುರದ ತೂಬಗೆರೆ, ತುಮಕೂರು ಜಿಲ್ಲೆಯ ಚೇಳೂರು ಮೊದಲಾದ ಒಣಸೀಮೆಯ ಊರುಗಳೂ ಹಲಸಿಗೆ ಹೆಸರಾಗಿವೆ. ನೆಲದೊಳಗೆ ಆಳವಾಗಿ ಇಳಿಯುವ ತಾಯಿಬೇರೇ ಈ ಗಟ್ಟಿತನದ ಗುಟ್ಟು. ಹಲಸು ಬರವನ್ನು ತಾಳಿಕೊಂಡೀತು. ಬುಡದಲ್ಲಿ ನಿಂತ ನೀರನ್ನು ಮಾತ್ರ ಸಹಿಸದು.

ಹಲಸನ್ನು ಬೆಳೆಸಲು ಬಯಸುವವರು ಮೊದಲು ಅದರ ಬೀಜದ ಸ್ವಭಾವವನ್ನು ತಿಳಿಯಬೇಕು. ರಾಗಿ, ಅವರೆಗಳಂತೆ ಈ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆಂದು ಕಾಪಿಡುವಂತಿಲ್ಲ; ಒಣಗಿತೆಂದರೆ ಮೊಳೆಯುವ ಶಕ್ತಿ ಹೋಯಿತು. ಹಣ್ಣು ತಿಂದ ಕೆಲವೇ ದಿನಗಳಲ್ಲಿ ಅದು ಮಣ್ಣು ಸೇರಬೇಕು. ತಾಯಿಬೇರಿಗೆ ಪೆಟ್ಟಾದರೆ ಗಿಡ ಸೊರಗುವುದರಿಂದ, ಮರ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ಬೀಜ ಊರುವುದು ಹಿರಿಯರ ಪದ್ಧತಿ. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷಗಳಾದರೂ ಬೇಕು. ಕಸಿಮಾಡಿದ ಗಿಡವಾದರೆ ಮೂರು ನಾಲ್ಕು ವರ್ಷಗಳಲ್ಲಿ ಕಾಯಿ ಬಿಡುವುದುಂಟು. ಚಳಿಗಾಲದಲ್ಲಿ ಕಾಣಿಸಿಕೊಳ್ಳುವ ಮಿಡಿಗಳು ಬೇಸಗೆಯ ಕೊನೆಗೆ, ಮಳೆಗಾಲದ ಮೊದಲಿಗೆ ಹಣ್ಣಾಗುತ್ತವೆ. ತೆಳುವಾದ ಕೊಂಬೆಗಳು ಹೊರಲಾರದ ಭಾರವನ್ನು ಕಾಂಡವೇ ಹೊರುತ್ತದೆ. ದಪ್ಪ ಮರದ ಮೈಗೇ ಅಂಟಿಕೊಂಡು ತೂಗುವ ಹಣ್ಣುಗಳಲ್ಲಿ 30 ಕಿಲೋಗ್ರಾಂ ಮೀರಿದವೂ ಇರುತ್ತವೆ.

ಈ ಮರದ ಇನ್ನೊಂದು ಗುಣ ಎಲ್ಲಕ್ಕಿಂತ ಗಮನಾರ್ಹವಾದುದು. ಒಂದೇ ಮರದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಬಿಡುತ್ತವೆ. ಪರಾಗವು ನೆರೆಯ ಮರಗಳಿಂದಲೂ ಬಂದು ಸೇರುತ್ತದೆ. ಆದುದರಿಂದ ಬೀಜದಿಂದ ಹುಟ್ಟಿದ ಗಿಡ ತಾಯಿಯ ಪಡಿಯಚ್ಚಾಗದು. ಗರಿಗರಿಯಾದ ಬಕ್ಕೆ ಹಲಸಿನ ಬೀಜ ಹಾಕಿದವನಿಗೆ ಬೆರಳ ಸಂದಿಯಲ್ಲಿ ಜಾರುವ ಮೆತ್ತನೆಯ ಹಣ್ಣು ದೊರೆಯಬಹುದು. ಒಂದರ ತೊಳೆ ಬಿಳಿಯಾದರೆ ಇನ್ನೊಂದರದು ಹಳದಿ, ಮತ್ತೊಂದರದು ಕೆಂಪು. ನಾಡಿನ ಹಿತ್ತಿಲುಗಳಲ್ಲಿ ಬೀಜದಿಂದೆದ್ದ ಪ್ರತಿಯೊಂದು ಹಲಸೂ ತನ್ನಂಥ ಇನ್ನೊಂದಿಲ್ಲದ ಮರ. ಅದನ್ನು ಕಡಿದ ದಿನ ಆ ರುಚಿಯೂ ಲೋಕದಿಂದ ಇಲ್ಲವಾಯಿತೆಂದೇ ಅರ್ಥ.

ಇದಕ್ಕೆ ಚೇಳೂರಿನ ಒಂದು ಮರವೇ ನಿದರ್ಶನ. ಗುಬ್ಬಿ ತಾಲ್ಲೂಕಿನ ಈ ಊರಿನಲ್ಲಿ ಸಿದ್ದಪ್ಪ ಎಂಬ ರೈತರು ನೆಟ್ಟಿದ್ದ ಮರದ ಹಣ್ಣು ಗಾತ್ರದಲ್ಲಿ ಚಿಕ್ಕದು. ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ಆದರೆ ತೊಳೆ ತಾಮ್ರಗೆಂಪು, ರುಚಿ ಬಲು ಸಿಹಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಿರೇಹಳ್ಳಿಯ ತನ್ನ ಕೇಂದ್ರದ ಮೂಲಕ ಅದನ್ನು ಗುರುತಿಸಿತು. ನೆಟ್ಟವರ ನೆನಪಿಗೆಂದು ಅದಕ್ಕೆ ‘ಸಿದ್ದು’ ಎಂಬ ಹೆಸರಾಯಿತು. 2017ರಲ್ಲಿ ಆದ ಒಪ್ಪಂದದಂತೆ ಅದರ ಕಸಿ ಸಸಿಗಳಿಂದ ಬರುವ ಆದಾಯದಲ್ಲಿ ಶೇಕಡ 75ರಷ್ಟು ಆ ರೈತ ಕುಟುಂಬಕ್ಕೇ ಸಲ್ಲತಕ್ಕದ್ದು. ಒಂದೇ ಒಂದು ಮರವಾಗಿದ್ದುದು ಇಂದು ಹಲವೆಡೆ ಬೇರುಬಿಟ್ಟಿದೆ. ಯಾರೂ ಗಮನಿಸುವ ಮೊದಲೇ ಆ ಬುಡಕ್ಕೆ ಕೊಡಲಿ ಬಿದ್ದಿದ್ದರೆ ನಷ್ಟವಾಯಿತೆಂಬ ಸಂಗತಿಯೂ ಯಾರಿಗೂ ತಿಳಿಯುತ್ತಿರಲಿಲ್ಲ.

ಹಲಸಿನ ಬಳಕೆಯ ವಿಚಾರಕ್ಕೆ ಬಂದರೆ, ಮೇಟಗಳ್ಳಿಯವರು ದೂರ ಹೋಗಬೇಕಾಗಿಲ್ಲ. ಅದೇ ಕನ್ನಂಬಾಡಿ ರಸ್ತೆಯ ಮೊದಲಲ್ಲಿ, ಚೆಲುವಾಂಬಾ ಅರಮನೆಯಲ್ಲಿ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ಗಿರಿಧಾರಿ ಲಾಲ್ ಮತ್ತು ಅವರ ಸಂಗಡಿಗರು 1950ರ ದಶಕದ ಮಧ್ಯಭಾಗದಲ್ಲಿಯೇ ಹಲಸಿನ ಹಣ್ಣಿನಲ್ಲಿರುವ ಪೋಷಕಾಂಶಗಳನ್ನು ಅಳೆದರು. ಅದರ ತಿರುಳನ್ನು ಒಣಗಿಸಿ ಪದಾರ್ಥಗಳನ್ನು ತಯಾರಿಸುವ ಬಗೆಯನ್ನು ಕುರಿತೂ ಪ್ರಬಂಧಗಳನ್ನು ಪ್ರಕಟಿಸಿದರು. ಈಚಿನ ವರ್ಷಗಳಲ್ಲಿ ನಗರದ ನಂಜರಾಜ ಬಹದ್ದೂರ್ ಛತ್ರದಲ್ಲಿ ‘ಸಹಜ ಸಮೃದ್ಧ’ ಸಂಸ್ಥೆಯು ಹಲಸಿನ ಹಬ್ಬಗಳನ್ನು ನಡೆಸಿದೆ.

ಅಡುಗೆಮನೆಯ ಜಾಣತನವಾದರೋ ಪ್ರಯೋಗಶಾಲೆಗಿಂತ ಹಳೆಯದು. ಎಳೆಯ ಕಾಯಿ ಪಲ್ಯಕ್ಕೆ, ಹುಳಿಗೆ. ಬಲಿತ ತೊಳೆ ಹಪ್ಪಳಕ್ಕೆ. ಹಣ್ಣು ಕಡುಬಿಗೆ, ದೋಸೆಗೆ, ಪಾಯಸಕ್ಕೆ. ಬೀಜವನ್ನು ಸುಟ್ಟೂ ತಿನ್ನಬಹುದು, ಸಾರಿಗೂ ಹಾಕಬಹುದು. ಕರಾವಳಿಯ ಮನೆಗಳಲ್ಲಿ ತೊಳೆಗಳನ್ನು ಉಪ್ಪಿನಲ್ಲಿಟ್ಟು ಮಳೆಗಾಲಕ್ಕೆ ಒದಗಿಸಿಕೊಳ್ಳುತ್ತಾರೆ. ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಕೊಟ್ಟೆ ಮಾಡಿ ಕಡುಬು ಬೇಯಿಸುತ್ತಾರೆ. ಅಂಟಿಗೆ ಹೆದರಿ ಹಲಸನ್ನು ದೂರವಿಡುವ ಪಟ್ಟಣದ ಗೃಹಿಣಿಯರು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸಾಕು, ಆ ತೊಡಕು ನಿವಾರಣೆಯಾದಂತೆಯೇ. ಹಸಿದು ಹಲಸು, ಉಂಡು ಮಾವು ಎಂಬ ಗಾದೆ ಹುಟ್ಟಿದ್ದೂ ಈ ಹಣ್ಣು ಹೊಟ್ಟೆ ತುಂಬಿಸುವುದರಿಂದಲೇ. ಕಾಯಿ ಬಿಡುವುದನ್ನು ನಿಲ್ಲಿಸಿದ ಮೇಲೂ ಮರ ಸುಮ್ಮನಿರದು: ಮೃದಂಗದ ಒಡಲಾಗಿ, ತಂಜಾವೂರು ವೀಣೆಯ ಕೊಡವಾಗಿ ನಾದಕ್ಕೆ ನೆರವಾಗುತ್ತದೆ.

ಸಿಂಹಳದಲ್ಲಿ ಹಲಸಿಗೆ ‘ಅನ್ನದ ಮರ’ ಎಂದೇ ಹೆಸರು. 20ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿಯ ಆರ್ಥರ್ ವಿ. ಡಯಾಸ್ ಎಂಬ ಮಹನೀಯರು ಬರಗಾಲಕ್ಕೆ ಆಸರೆಯಾಗಲೆಂದು ದೇಶದಾದ್ಯಂತ ಹಲಸು ನೆಡುವ ಚಳವಳಿ ಹೂಡಿದರು. ಜನ ಅವರನ್ನು ‘ಹಲಸಿನ ಮಾವ’ ಎಂದು ಪ್ರೀತಿಯಿಂದ ಕರೆದರು. ನಮ್ಮ ನೆರೆಯ ಕೇರಳ 2018ರಲ್ಲಿ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಸಾರಿತು.

ಆದರೆ 30 ಅಡಿಗೆ 40 ಅಡಿ ನಿವೇಶನದಲ್ಲಿ ಮನೆ ಕಟ್ಟುವ ಸಂಸಾರಸ್ಥ ಏನು ಮಾಡಬೇಕು? ಚೆನ್ನಾಗಿ ಬೆಳೆದ ಹಲಸಿಗೆ ಸುತ್ತಲೂ ಎಂಟು ಹತ್ತು ಮೀಟರು ಎಡೆ ಬೇಕು. ಎಂದರೆ ಮನೆಯ ಜಾಗವನ್ನೆಲ್ಲ ಅದೊಂದೇ ಕೇಳುತ್ತದೆ. ತಳಪಾಯಕ್ಕೆ ಒತ್ತಿ ನೆಡುವುದು ಮನೆಗೂ ಹಿತವಲ್ಲ, ಮರಕ್ಕೂ ಹಿತವಲ್ಲ. ಹಿತ್ತಿಲಲ್ಲಿ ತುಸು ಬಯಲಿದ್ದವರು ಒಂದು ಕಸಿ ಗಿಡವನ್ನಿಟ್ಟು, ಪ್ರತಿ ಫಸಲಿನ ನಂತರ ಕೊಂಬೆ ಸವರಿ ಗಿಡ್ಡವಾಗಿ ಕಾಯ್ದುಕೊಳ್ಳಬಹುದು. ಅದೂ ಇಲ್ಲದವರಿಗೆ ಬಡಾವಣೆಯ ಉದ್ಯಾನವಿದೆ, ಶಾಲೆಯ ಬಯಲಿದೆ.

ಹೊಲವೊಂದು ಬಡಾವಣೆಯಾಗುವಾಗ ಅಲ್ಲಿ ಹಳೆಯ ಹಲಸು ನಿಂತಿದ್ದರೆ, ಅಳತೆಯ ಸರಪಳಿ ಬರುವ ಮೊದಲು ಊರಿನ ಹಿರಿಯರನ್ನು ಒಂದು ಮಾತು ಕೇಳುವುದು ಒಳ್ಳೆಯದು: ಇದರ ಹಣ್ಣು ಹೇಗಿತ್ತು? ಚೆನ್ನಾಗಿತ್ತೆಂದು ಅವರು ತಲೆದೂಗಿದರೆ, ಮರ ಉಳಿಯುವುದಾದರೆ ಉಳಿಯಲಿ. ಉಳಿಸಲು ಆಗದೇ ಹೋದಲ್ಲಿ ಒಂದು ಗೇಣುದ್ದದ ಚಿಗುರು ಕಡ್ಡಿಯನ್ನಾದರೂ ಕಸಿಗೆ ಕೊಟ್ಟು ಬಳಿಕ ಮನೆ ಕಟ್ಟಲಿ. ಮನೆಯನ್ನು ಇನ್ನೊಮ್ಮೆ ಕಟ್ಟಬಹುದು. ಆ ಹಲಸನ್ನು ಮತ್ತೆ ಪಡೆಯಲು ಆ ಕಡ್ಡಿಯೊಂದೇ ದಾರಿ.